ಸದ್ದಿದ್ದ ಒಂದೇ ಮನೆ

ಈಚೆಗೆ ಚಿಕ್ಕಬಳ್ಳಾಪುರದಲ್ಲಿ ನಮ್ಮ ಚರ್ಚುಗಳ ಸಭಾಪಾಲಕರ ತರಬೇತಿ ಅಂತ ಮಾಡುತ್ತಾರೆ. ನಿವೃತ್ತನಾದ ನನ್ನನ್ನೂ ಕರೆಯುತ್ತಾರೆ, ಮುದುಕ ಏನಾದರೂ ನಾಲ್ಕು ಮಾತು ಹೇಳಲಿ ಅಂತ. ಹುಡುಗರು ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿರುತ್ತಾರೆ. "ಅಯ್ಯನವರೇ, ಸಭೆ ನಡೆಸೋದಕ್ಕೆ ಏಳು ಸೂತ್ರ ಕೊಡಿ" ಅನ್ನುತ್ತಾರೆ. ಏಳಂತೆ! ಎಣಿಸಿ ಕೊಡಲು ನಾನೇನು ತಾಯತ ಕಟ್ಟುವವನೇ? ನನಗೆ ಗೊತ್ತಿರುವುದು ಒಂದೇ ಸಂಗತಿ. ಅದನ್ನು ಒಂದು ಚಳಿಗಾಲದಲ್ಲಿ ಕಲಿತೆ, ಕಲಿಯುವಾಗ ಕೈ ಸುಟ್ಟಿದ್ದು ನನ್ನದಲ್ಲ, ಇನ್ನೊಬ್ಬರದು.

ಜಿಲ್ಲೆ ಆಗಿನ್ನೂ ಕೋಲಾರದಿಂದ ಬೇರೆಯಾಗಿರಲಿಲ್ಲ. ಗೌರಿಬಿದನೂರಿನಲ್ಲಿ ಮೂರು ವರ್ಷ ಇದ್ದು, ಶಿಡ್ಲಘಟ್ಟದ ಕಡೆಗೆ ವರ್ಗವಾಗಿ ಬಂದೆ. ದಿಬ್ಬೂರಹಳ್ಳಿ ರಸ್ತೆಯಲ್ಲಿ ಬಸ್ಸು ಇಳಿದು, ಹಿಪ್ಪುನೇರಳೆ ತೋಟಗಳ ನಡುವೆ ಒಂದು ಗಂಟೆ ನಡೆದರೆ ಸಿಗುವ ಊರು. ಹೆಸರು ಬೇಡ, ಅಲ್ಲಿಯ ಜನ ಇನ್ನೂ ಇದ್ದಾರೆ. ಒಂದು ಸಣ್ಣ ಚರ್ಚು, ಹೆಂಚಿನ ಮಾಡು, ಇಪ್ಪತ್ತು ಚಿಲ್ಲರೆ ಕುಟುಂಬ. ಅದರಲ್ಲಿ ಒಂಬತ್ತು ಮನೆಯವರು ರೇಷ್ಮೆಹುಳು ಸಾಕುವವರು. ಹೊಸಿಲಲ್ಲಿ "ವಂದನಾಲು ಅಯ್ಯಗಾರೂ" ಅಂತ ತೆಲುಗಿನಲ್ಲಿ ಶುರುಮಾಡಿ, ಚಾಪೆ ಹಾಸುವಷ್ಟರಲ್ಲಿ ಕನ್ನಡಕ್ಕೆ ಬರುತ್ತಿದ್ದರು. ಒಳ್ಳೆಯ ಜನ. ನಾನೋ ಮೈಸೂರು ಪೇಟೆಯಲ್ಲಿ ಬೆಳೆದವನು, ರೇಷ್ಮೆ ಅಂದರೆ ನನಗೆ ಮದುವೆ ಸೀರೆ ಅಷ್ಟೆ.

ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಸಭೆಯ ಹಿರಿಯರ ಮನೆಯ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ. ಬೆನ್ನ ಹಿಂದೆ ಮಳೆ ಶುರುವಾಯಿತು. ಸಣ್ಣಗೆ, ಎಡೆಬಿಡದೆ ಎಲೆಯ ಮೇಲೆ ಬೀಳುವ ಮಳೆ. ಕೊಡೆ ತಂದಿಲ್ಲವಲ್ಲ ಅಂತ ಎದ್ದು ನೋಡಿದರೆ ಅಂಗಳದಲ್ಲಿ ರಣಬಿಸಿಲು. ಹಿರಿಯರು ನಕ್ಕುಬಿಟ್ಟರು. "ಮಳೆ ಅಲ್ಲ ಅಯ್ಯನೋರೆ, ಹುಳ. ಕೊನೇ ವಾರ ಅಲ್ವಾ, ಸೊಪ್ಪು ತಿಂತಾ ಅವೆ" ಅಂದರು. ಗೋಡೆಯಾಚೆಯ ಕತ್ತಲೆ ಕೋಣೆಯಲ್ಲಿ ಸಾವಿರಾರು ಬಾಯಿಗಳು. ನನಗೆ ಯಾಕೋ ಕಾಫಿ ರುಚಿಸಲಿಲ್ಲ.

ಆ ಕೋಣೆಗೆ ಅವರು ಯಾರನ್ನೂ ಬಿಡುತ್ತಿರಲಿಲ್ಲ. ಬಾಗಿಲಿಗೆ ಗೋಣಿಚೀಲದ ಪರದೆ, ಅದರ ಮುಂದೆ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ಬೇಸಿನ್ನು. ಮನೆಯವರೇ ಕೈಕಾಲು ಅದ್ದಿ ಒಳಗೆ ಹೋಗಬೇಕು. ಊದುಬತ್ತಿ ಹಚ್ಚುವಂತಿಲ್ಲ, ಮೈಗೆ ಪೌಡರ್ ಹಾಕುವಂತಿಲ್ಲ. ಹಿರಿಯರ ಸ್ವಂತ ಭಾವಮೈದುನ ಬಂದಾಗ ಅಂಗಳದಲ್ಲೇ ನಿಂತು ಮಾತಾಡಿಸಿಕೊಂಡು ಹೋದ. ಬಾಣಂತಿ ಕೋಣೆಗೂ ಇಷ್ಟು ಕಟ್ಟುಪಾಡು ನಾನು ಕಂಡಿರಲಿಲ್ಲ. ಆ ಬೆಳೆಗೆ ನಾನೂ ಒಳಗೆ ಹೋಗಲಿಲ್ಲ, ಬೆಳೆ ಎಲ್ಲರಿಗೂ ಚೆನ್ನಾಗಿಯೇ ಬಂತು.

ನವೆಂಬರಿನ ಕೊನೆ. ಬೆಳಗ್ಗೆ ಒಂಬತ್ತಾದರೂ ಮಂಜು ಬಿಡುತ್ತಿರಲಿಲ್ಲ. ಹೊಸದಾಗಿ ಮದುವೆಯಾಗಿದ್ದ ಒಂದು ಜೋಡಿ, ಅದು ಅವರ ಮೊದಲ ಬೆಳೆ. ಹೆಂಡತಿ ಓಡಿ ಬಂದಳು. "ಅಯ್ಯನೋರೆ, ಒಂದತ್ತು ಹುಳ ಬೆಳ್ಳಗಾಗಿ ಸತ್ತವೆ. ಬಂದು ಕೈಯಿಟ್ಟು ಪ್ರಾರ್ಥನೆ ಮಾಡಿ" ಅಂತ ಅಳುವ ಹಾಗಿದ್ದಳು. ನಾನು ಮನೆ ಭೇಟಿಗೆ ಅಂತಲೇ ಇಟ್ಟುಕೊಂಡಿದ್ದ ಬಿಳಿ ನಿಲುವಂಗಿ ತೊಟ್ಟು ಹೊರಟೆ. ಆ ಅಂಗಿ ಹಾಕಿಕೊಂಡರೆ ಮುದುಕರೂ ಎದ್ದು ನಿಲ್ಲುತ್ತಿದ್ದರು. ತಿಂಗಳಿಗೆ ಒಂದು ಸಲ ಒಗೆಯುತ್ತಿದ್ದೆ.

ಬಾಗಿಲಲ್ಲಿ ಬೇಸಿನ್ನು ನೋಡಿ ಚಪ್ಪಲಿ ಬಿಡಲು ಬಗ್ಗಿದೆ. ಗಂಡ ಗಾಬರಿಯಾಗಿ ತಡೆದ. "ಅಯ್ಯಯ್ಯೋ, ನಿಮಗ್ಯಾಕೆ ಅದೆಲ್ಲ! ನೀವು ದೇವ್ರ ಮನುಷ್ಯರು. ಬನ್ನಿ, ಬನ್ನಿ" ಅಂತ ಬೇಸಿನ್ನನ್ನೇ ಪಕ್ಕಕ್ಕೆ ಸರಿಸಿದ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ನನಗೆ ಆ ಮಾತು ಹಿತವಾಯಿತು.

ಒಳಗೆ ಕತ್ತಲೆ, ಹಸಿ ಸೊಪ್ಪಿನ ವಾಸನೆ. ಬಿದಿರು ತಟ್ಟೆಗಳು ಒಂದರ ಮೇಲೊಂದು ಸೂರಿನವರೆಗೆ. ಹುಳುಗಳು ಪೊರೆ ಬಿಡುವ ಹೊತ್ತು, ಅದನ್ನು ಅವರು ಜ್ವರ ಅನ್ನುತ್ತಾರೆ. ಅದು ಮೂರನೇ ಜ್ವರ. ಆಗ ಅವು ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ. ತಲೆ ಎತ್ತಿ ಹಾಗೆಯೇ ನಿಂತುಬಿಡುತ್ತವೆ. ತಟ್ಟೆ ತಟ್ಟೆ ತುಂಬ ತಲೆ ಎತ್ತಿ, ಏನನ್ನೋ ಆಲಿಸುತ್ತಿರುವ ಹಾಗೆ. ನಾನು ಪ್ರಾರ್ಥನೆ ಶುರುಮಾಡಿದೆ. ಅವು ನನ್ನ ಪ್ರಾರ್ಥನೆಗೇ ತಲೆ ಎತ್ತಿವೆ ಅನ್ನಿಸಿತು. ಒಂದೊಂದು ತಟ್ಟೆಯ ಮೇಲೂ ಕೈಯಿಟ್ಟೆ. ಸತ್ತ ಹುಳುವೊಂದನ್ನು ಎತ್ತಿ ನೋಡಿದೆ. ಬಳಪದ ಕಡ್ಡಿಯ ಹಾಗೆ ಗಟ್ಟಿ, ಬೆರಳಿಗೆ ಬಿಳಿ ಪುಡಿ ಹತ್ತಿತು. ಅಂಗಿಯ ತೋಳಿಗೆ ಒರೆಸಿಕೊಂಡೆ.

ಅಯ್ಯನೋರು ಹುಳದ ಮನೆಯೊಳಕ್ಕೆ ಬಂದು ಪ್ರಾರ್ಥನೆ ಮಾಡಿದರಂತೆ ಅಂತ ಸುದ್ದಿ ಹಬ್ಬಿತು. ನಮ್ಮನೆಗೂ ಬನ್ನಿ, ನಮ್ಮನೆಗೂ ಬನ್ನಿ. ಹಿರಿಯರನ್ನು ಜೊತೆಗೆ ಕರೆದುಕೊಂಡು ಎರಡು ದಿನದಲ್ಲಿ ಎಂಟು ಮನೆ ಮುಗಿಸಿದೆ. ಸ್ವಂತ ಭಾವಮೈದುನನನ್ನು ಅಂಗಳದಲ್ಲಿ ನಿಲ್ಲಿಸುವ ಜನ ನನಗೆ ಪರದೆ ಎತ್ತಿ ಹಿಡಿದರು. ಯಾರೂ ಬೇಸಿನ್ನಿನ ಮಾತೆತ್ತಲಿಲ್ಲ. ನಾನು ಆ ಎರಡು ದಿನ ನೆಲದ ಮೇಲೆ ನಡೆದಿದ್ದೇ ಸುಳ್ಳು.

ಒಂಬತ್ತನೆಯದು ಒಬ್ಬ ವಿಧವೆಯ ಮನೆ. ಗಂಡ ಹೋಗಿ ಹತ್ತು ವರ್ಷದ ಮೇಲಾಗಿತ್ತು. ತಾನೂ ಮಗಳೂ ಸೇರಿ ಹುಳು ಸಾಕುತ್ತಿದ್ದರು. ಮಗಳಿಗೆ ಚಿಂತಾಮಣಿಯ ಒಬ್ಬ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು, ಜನವರಿಯಲ್ಲಿ. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪ್ರಕಟಣೆ ಓದಬೇಕು. ಇಂಥವರಿಗೂ ಇಂಥವರಿಗೂ ಮದುವೆ, ಯಾರಿಗಾದರೂ ಅಡ್ಡಿ ಗೊತ್ತಿದ್ದರೆ ಹೇಳಿ ಅಂತ. ಮೂರನೆಯದು ಆಗದೆ ಯಾವ ಅಯ್ಯನವರೂ ಮದುವೆ ಮಾಡುವುದಿಲ್ಲ. ಮೊದಲನೆಯದನ್ನು ನಾನು ಹಿಂದಿನ ಭಾನುವಾರವಷ್ಟೇ ಓದಿದ್ದೆ. ಹುಡುಗಿ ತಲೆ ಬಗ್ಗಿಸಿ ಕೂತಿದ್ದಳು, ಕಿವಿ ಕೆಂಪಾಗಿತ್ತು.

ತಾಯಿ ಪರದೆಗೆ ಬೆನ್ನು ಕೊಟ್ಟು ಬಾಗಿಲಲ್ಲಿ ನಿಂತಳು. "ಒಳಗೆ ಬೇಡಿ ಅಯ್ಯನೋರೆ. ಇಲ್ಲೇ ನಿಂತು ಮಾಡಿ. ದೇವ್ರಿಗೆ ಇಲ್ಲಿಂದ್ಲೂ ಕೇಳಿಸ್ತದೆ" ಅಂದಳು.

ದನಿಯಲ್ಲಿ ಗಡಸು ಏನೂ ಇರಲಿಲ್ಲ. ಆದರೂ ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಕೋಪ ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲಿ. ಅಂಗಳದಲ್ಲೇ ನಿಂತು ಮೂರು ಮಾತಿನ ಪ್ರಾರ್ಥನೆ ಮುಗಿಸಿ, ಕೊಟ್ಟ ಮಜ್ಜಿಗೆಯನ್ನೂ ಮುಟ್ಟದೆ ತಿರುಗಿದೆ. ದಾರಿಯಲ್ಲಿ ಹಿರಿಯರು ಲೊಚಗುಟ್ಟಿದರು. "ಆಯಮ್ಮನ ಗತ್ತು ನೋಡಿದ್ರಾ? ಒಳಗೆ ಏನು ಮಡಗವ್ಳೋ." ಹಾಗೆಲ್ಲ ಅನ್ನಬೇಡಿ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ.

ಮುಂದಿನ ಭಾನುವಾರ ಎರಡನೆಯ ಪ್ರಕಟಣೆ ಓದಿದೆ. ಅದಾದ ಎರಡು ದಿನಕ್ಕೆ ಹುಳುಗಳು ನಾಲ್ಕನೇ ಜ್ವರದಿಂದ ಏಳಬೇಕಿತ್ತು. ಏಳಲಿಲ್ಲ.

ಹಿರಿಯರ ಮನೆಗೆ ಹೋದೆ. ಹೆಂಗಸರು ತಟ್ಟೆಗಳಿಗೆ ಹೊಸ ಸೊಪ್ಪು ಹಾಕಿ ಕಾದು ಕೂತಿದ್ದರು. ಹುಳುಗಳು ತಲೆ ಎತ್ತಿ ನಿಂತೇ ಇದ್ದವು. ಸೊಪ್ಪು ಬಾಡಿತು. ಮತ್ತೆ ಹೊಸ ಸೊಪ್ಪು ಹಾಕಿದರು, ಅದೂ ಬಾಡಿತು. "ಜ್ವರ ಇಳೀಲಿಲ್ಲ ಅಷ್ಟೆ, ನಾಳೆ ಏಳ್ತವೆ" ಅಂತ ಹಿರಿಯರ ಹೆಂಡತಿ ತನಗೆ ತಾನೇ ಅಂದುಕೊಳ್ಳುತ್ತಿದ್ದಳು. ನಾನು ಮತ್ತೆ ತಟ್ಟೆಗಳ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದೆ. ಕೈಯ ಕೆಳಗೆ ಏನೂ ಮಿಸುಕಲಿಲ್ಲ. ಒಂದು ಹುಳುವನ್ನು ಬೆರಳಿನಿಂದ ತಳ್ಳಿದೆ. ತಲೆ ಎತ್ತಿದ ಹಾಗೆಯೇ ಅದು ಮಗುಚಿಕೊಂಡಿತು, ಮರದ ಚೂರಿನ ಹಾಗೆ. ಮರುದಿನದ ಹೊತ್ತಿಗೆ ತಟ್ಟೆ ಪೂರ್ತಿ ಬೆಳ್ಳಗೆ.

ಎಂಟು ಮನೆಯಲ್ಲೂ ಅದೇ. ನಾನು ಎಂಟು ಮನೆಗೂ ಮತ್ತೆ ಹೋದೆ, ಅದೇ ಅಂಗಿಯಲ್ಲಿ, ಮತ್ತೆ ಕೈಯಿಟ್ಟೆ. ಎಲ್ಲಿ ಒಂದಿಷ್ಟು ಜೀವ ಉಳಿದಿತ್ತೋ ಅಲ್ಲಿಯೂ ಎರಡೇ ದಿನದಲ್ಲಿ ಸದ್ದು ನಿಂತಿತು. ಊರ ಹೊರಗೆ ಗುಂಡಿ ತೋಡಿ ಸುರಿದರು. ಸತ್ತ ಹುಳು ಮೆತ್ತಗೆ ಬೀಳುತ್ತದೆ ಅಂದುಕೊಂಡಿದ್ದೆ. ಇಲ್ಲ. ಬುಟ್ಟಿ ಬೋರಲು ಮಾಡಿದಾಗ ಕಡಲೆಕಾಯಿ ಸುರಿದ ಹಾಗೆ ಗಲಗಲ ಅಂದವು. ಆ ಸದ್ದಿಗೆ ಹೊಸ ಮದುವಣಗಿತ್ತಿ ಕಿವಿ ಮುಚ್ಚಿಕೊಂಡಳು.

ಆ ವಾರ ಊರು ವಿಚಿತ್ರವಾಗಿತ್ತು. ತೋಟಗಳಲ್ಲಿ ಸೊಪ್ಪು ಕೊಯ್ಯುವವರಿಲ್ಲ. ಮಂಜಿನಲ್ಲಿ ಹಿಪ್ಪುನೇರಳೆ ಗಿಡಗಳು ಎದೆಯೆತ್ತರ ಬೆಳೆದು ಸುಮ್ಮನೆ ನಿಂತಿದ್ದವು. ಜಗಲಿಗಳಲ್ಲಿ ಜನ ಮಾತಿಲ್ಲದೆ ಕೂತಿರುತ್ತಿದ್ದರು. ಮತ್ತು ಆ ಮೌನದಲ್ಲಿ, ಬೀದಿಯ ಕೊನೆಯಲ್ಲಿ, ಒಂದೇ ಒಂದು ಮನೆಯಿಂದ ಮಳೆಯ ಸದ್ದು ಬರುತ್ತಿತ್ತು. ವಿಧವೆಯ ಮನೆಯ ಹುಳುಗಳು ಕೊನೆಯ ವಾರಕ್ಕೆ ಬಂದಿದ್ದವು. ಹಗಲೂ ರಾತ್ರಿ ತಿನ್ನುತ್ತಿದ್ದವು.

ಮೊದಮೊದಲು ಯಾರೂ ಏನೂ ಅನ್ನಲಿಲ್ಲ. ಆಮೇಲೆ ಆ ಮನೆಯ ಮುಂದೆ ಹೋಗುವವರು ಬೀದಿಯ ಆ ಬದಿಗೆ ಸರಿದು ನಡೆಯತೊಡಗಿದರು. ಆಮೇಲೆ ಬಾವಿಯ ಹತ್ತಿರ ಯಾರೋ ಅಂದರು: "ನಮ್ ಎಂಟು ಮನೆ ಸದ್ದೂ ಅಲ್ಲಿಗೇ ಹೋಗೈತೆ." ಇನ್ನೊಬ್ಬರು ಸೇರಿಸಿದರು: "ಎಂಟು ಮನೆ ಜೀವ ತಿಂದು ಆಕೆ ಹುಳ ಕೊಬ್ತಾ ಅವೆ." ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ. ಅಂಥವರನ್ನು ಗದರಿಸಲಿ ಅಂತಲೇ ಅಲ್ಲವೇ ಊರಿಗೊಬ್ಬ ಪಾಲಕನನ್ನು ಇಟ್ಟಿರುವುದು?

ನಾನು ಗದರಿಸಲಿಲ್ಲ. ನನಗೇ ಭಯ ಹತ್ತಿತ್ತು. ಒಂದು ಬೆಳಗ್ಗೆ ಮಂಜಿನಲ್ಲಿ ಆ ಮನೆಯ ಹಿಂದಿನ ಗೋಡೆಯ ಹತ್ತಿರ ಹೋಗಿ ನಿಂತೆ. ಹತ್ತು ಹೆಜ್ಜೆ ಆಚೆ ಏನೂ ಕಾಣುತ್ತಿರಲಿಲ್ಲ. ಗೋಡೆಯೊಳಗಿಂದ ಆ ಸದ್ದು. ಕೇಳುತ್ತ ನಿಂತರೆ ಅದು ಗೋಡೆಯೊಳಗಿಂದ ಬರುತ್ತಿದೆಯೋ, ನನ್ನ ತಲೆಯೊಳಗಿಂದಲೋ ತಿಳಿಯದು. ಸತ್ತ ಹುಳುಗಳ ಆ ಎತ್ತಿದ ತಲೆಗಳು ನೆನಪಾದವು. ದೇವರ ಕೆಲಸಕ್ಕೆ ಬಂದು ಇಪ್ಪತ್ತು ವರ್ಷವಾದವನು ನಾನು, ಮೈಮೇಲೆ ಮುಳ್ಳೆದ್ದವು. ಅಷ್ಟರಲ್ಲಿ ಹಿತ್ತಿಲ ಬಾಗಿಲು ತೆರೆದು ಆಕೆ ಹೊರಗೆ ಬಂದಳು. ಮೊಣಕೈವರೆಗೆ, ಹಣೆಯ ಮೇಲೆ, ಕೂದಲ ಮೇಲೆ ಸುಣ್ಣದ ಪುಡಿ. ಮಂಜಿನಲ್ಲಿ ಬೆಳ್ಳಗೆ ನಿಂತು ನನ್ನನ್ನೇ ನೋಡಿದಳು.

"ಏನು ಅಯ್ಯನೋರೆ, ಇಷ್ಟೊತ್ತಿಗೆ?" ಅಂದಳು.

"ಏನಿಲ್ಲಮ್ಮ" ಅಂದೆ. ಬಿರಬಿರನೆ ನಡೆದುಬಿಟ್ಟೆ. ಓಡಿದೆ ಅಂದರೂ ತಪ್ಪಲ್ಲ.

ಶನಿವಾರ ಹಿರಿಯರೂ ಇನ್ನಿಬ್ಬರೂ ಬಂದು ಕೂತರು. ಯಾರೋ ಒಬ್ಬರು ಬಚ್ಚಿಟ್ಟ ಪಾಪಕ್ಕೆ ಇಡೀ ಪಾಳೆಯ ಸೋತ ಬೈಬಲಿನ ಹಳೆಯ ಕಥೆಯನ್ನು ಹಿರಿಯರೇ ಎತ್ತಿದರು. "ಪ್ರಾರ್ಥನೆ ಬೇಡ ಅಂದ ಮನೆ ಒಂದೇ. ಉಳಿದಿರೋ ಮನೇನೂ ಒಂದೇ. ಇದಕ್ಕಿಂತ ಇನ್ನೇನು ಬೇಕು?" ಅಂದರು. ಆಕೆಯನ್ನು ಕರೆಸಿದೆವು. ಮನೆ ತೆರೆದು ತೋರಿಸು, ಒಳಗೆ ಬಂದು ಪ್ರಾರ್ಥನೆ ಮಾಡುತ್ತೇವೆ ಅಂದೆವು. "ಹುಳ ಗೂಡಿಗೆ ಹತ್ತೋವರ್ಗೂ ಯಾರೂ ಬೇಡಿ ಸ್ವಾಮಿ. ಆಮೇಲೆ ಬೇಕಾದ್ರೆ ಮನೇನೇ ಬಿಚ್ಚಿ ನೋಡ್ಕಳ್ಳಿ" ಅಂದಳು. ನಾಲ್ಕು ಗಂಡಸರ ಮುಂದೆ ನಿಂತು ಅಷ್ಟೇ ಹೇಳಿದಳು. ನಮಗೆ ಅದೇ ಸಾಕ್ಷಿಯಾಯಿತು.

ವಿಚಾರ ಇತ್ಯರ್ಥವಾಗುವವರೆಗೆ ಮೂರನೆಯ ಪ್ರಕಟಣೆ ಓದುವುದು ಬೇಡ ಅಂತ ತೀರ್ಮಾನಿಸಿದೆವು. ತೀರ್ಮಾನಿಸಿದೆವು ಅಂತ ಬಹುವಚನದಲ್ಲಿ ಬರೆಯುವುದು ಸುಲಭ. ಓದುವವನು ನಾನು, ನಿಲ್ಲಿಸಿದವನೂ ನಾನೇ. ಅಂದೇ ಸಂಜೆ ಚಿಂತಾಮಣಿಯ ಅಯ್ಯನವರಿಗೆ ಒಂದು ಕಾಗದವನ್ನೂ ಬರೆದೆ. ಹುಡುಗಿಯ ತಾಯಿಯ ನಡತೆಯ ಬಗ್ಗೆ ಸಭೆಯಲ್ಲಿ ಸಂಶಯವಿದೆ, ಕೆಲವು ಅಸಹಜ ಸಂಗತಿಗಳು ನಡೆದಿವೆ, ದಯವಿಟ್ಟು ತಡೆಯಿರಿ ಅಂತ. ಅಸಹಜ ಅನ್ನುವ ಪದ ಸಿಕ್ಕಿದ್ದಕ್ಕೆ ಒಳಗೊಳಗೇ ಮೆಚ್ಚಿಕೊಂಡಿದ್ದೆ. ಸಿಟ್ಟಿನಲ್ಲಿ ಬರೆದ ಕಾಗದವನ್ನು ಎರಡು ದಿನ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಬೇಕು ಅಂತ ಈಗ ತರಬೇತಿಯ ಹುಡುಗರಿಗೆ ಹೇಳುತ್ತೇನೆ. ನಕ್ಕು ಬರೆದುಕೊಳ್ಳುತ್ತಾರೆ. ನಾನು ಅಂದೇ ಅಂಚೆಡಬ್ಬಿಗೆ ಹಾಕಿದ್ದೆ.

ಭಾನುವಾರ ಬಚ್ಚಿಟ್ಟ ಪಾಪದ ಮೇಲೆಯೇ ಪ್ರಸಂಗ ಮಾಡಿದೆ. ಹೆಸರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ತಾಯಿ ಮಗಳ ಸುತ್ತ ಎರಡು ಚಾಪೆಯಷ್ಟು ಜಾಗ ಬಿಟ್ಟು ಜನ ಕೂತಿದ್ದರು. ಪ್ರಕಟಣೆಗಳ ಹೊತ್ತು ಬಂತು. ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಕ್ರಿಸ್ಮಸ್ ಕೂಟದ ವಿಷಯ ಓದಿದೆ, ಹೆಂಗಸರ ಉಪವಾಸ ಪ್ರಾರ್ಥನೆಯ ವಿಷಯ ಓದಿದೆ, ಪುಸ್ತಕ ಮುಚ್ಚಿದೆ. ಅವಳು ತಲೆ ತಗ್ಗಿಸಲಿಲ್ಲ. ಆರಾಧನೆ ಮುಗಿಯುವವರೆಗೂ ಹಾಗೆಯೇ ಮುಖ ಎತ್ತಿ, ಕಣ್ಣು ಮಿಟುಕಿಸದೆ ಕೂತಿದ್ದಳು. ಆಶೀರ್ವಾದ ಹೇಳುವಾಗ ನಾನು ಕಣ್ಣು ಮುಚ್ಚಿಕೊಂಡುಬಿಟ್ಟೆ.

ಮಂಗಳವಾರ ರೇಷ್ಮೆ ಇಲಾಖೆಯಿಂದ ಒಬ್ಬರು ಬೈಕಿನಲ್ಲಿ ಬಂದರು. ಆ ಹೊಸ ಜೋಡಿ ಹೇಳಿಕಳಿಸಿದ್ದರಂತೆ. ನಡುವಯಸ್ಸಿನ ಮನುಷ್ಯ, ಮಾತು ಕಡಿಮೆ. ಗುಂಡಿಯ ಹತ್ತಿರ ಕೂತು ಕಡ್ಡಿಯಲ್ಲಿ ಕೆದಕಿ ನೋಡಿ, "ಸುಣ್ಣಕಟ್ಟು ರೋಗ. ಚಳಿಗಾಲದಲ್ಲಿ ಬರ್ತದೆ. ಆದ್ರೆ ಒಂದು ಮನೇಲಿ ಬಂದ್ರೆ ಒಂದು ಮನೇಲಿ ನಿಲ್ಲಬೇಕು. ಎಂಟು ಮನೆಗೂ ಹೋಗಿ ಬಂದವರು ಯಾರು?" ಅಂದರು.

ಇಪ್ಪತ್ತು ಜನ ಇದ್ದೆವು. ಎಲ್ಲರೂ ನೆಲ ನೋಡುತ್ತಿದ್ದರು. ಆ ಮೌನ ಎಷ್ಟು ಹೊತ್ತು ಇತ್ತೆಂದರೆ, ಬೀದಿಯ ಕೊನೆಯ ಮನೆಯ ಮಳೆ ಅಲ್ಲಿಯವರೆಗೂ ಕೇಳಿಸಿತು. ಎಲ್ಲರಿಗೂ ಉತ್ತರ ಗೊತ್ತಿದೆ, ನನಗೊಬ್ಬನಿಗೆ ಗೊತ್ತಿಲ್ಲ ಅನ್ನುವುದು ಅರ್ಥವಾಗುವಷ್ಟು ಹೊತ್ತು.

"ನಾನು ಹೋಗಿದ್ದೆ. ಪ್ರಾರ್ಥನೆಗೆ" ಅಂದೆ.

ಆತ ನನ್ನ ಅಂಗಿಯನ್ನು ನೋಡಿದರು. "ಇದೇ ಬಟ್ಟೇನಾ ಸಾರ್?" ಹೌದು ಅಂದೆ. "ಹುಳ ಮುಟ್ಟಿದ್ರಾ?" ಮುಟ್ಟಿದೆ ಅಂದೆ. "ಸ್ವಲ್ಪ ಬನ್ನಿ" ಅಂತ ಬೈಕಿನ ಹತ್ತಿರ ಕರೆದು, ನನ್ನ ತೋಳನ್ನು ಹಿಡಿದು ಕಪ್ಪು ಸೀಟಿನ ಮೇಲೆ ಒಂದು ಸಲ ಉಜ್ಜಿದರು. ಸೀಟಿನ ಮೇಲೆ ಬೆಳ್ಳನೆ ಒಂದು ಪಟ್ಟೆ ಮೂಡಿತು. "ಬಿಳಿ ಅಂಗಿ ಮೇಲೆ ಕಾಣಲ್ಲ ಸಾರ್" ಅಂದರು, ಬೇಜಾರಿನಿಂದಲೇ. ನಾನು ಆ ಪಟ್ಟೆಯನ್ನು ನೋಡುತ್ತ ನಿಂತೆ. ಒಂದು ವಾರದಿಂದ ಊರೆಲ್ಲ ಹುಡುಕುತ್ತಿದ್ದ ಆ ಕೇಡನ್ನು ನಾನು ತೊಟ್ಟುಕೊಂಡು ತಿರುಗುತ್ತಿದ್ದೆ. ದೇವರಾಣೆ, ಆಗ ಆ ಅಂಗಿಯನ್ನು ಅಲ್ಲೇ ಹರಿದು ಬಿಸಾಡಬೇಕು ಅನ್ನಿಸಿತು.

ಆತ ಹೋಗುವ ಮುಂಚೆ ವಿಧವೆಯ ಮನೆಗೂ ಹೋದರು. ಒಳಗೆ ಕಾಲಿಡಲಿಲ್ಲ. ಅಂಗಳದಲ್ಲಿ ನಿಂತು, ಬಾಗಿಲಿನ ಬೇಸಿನ್ನು, ರೋಗ ತಡೆಯಲು ಎರಚಿದ್ದ ಸುಣ್ಣದ ಪುಡಿ ನೋಡಿ, "ಅಮ್ಮಾ, ಬಂದೋಬಸ್ತು ಚೆನ್ನಾಗಿ ಮಾಡಿದ್ದೀರಿ, ಹಂಗೇ ನೋಡ್ಕೊಳ್ಳಿ" ಅಂತ ಕೂಗಿ ಹೇಳಿ ಹೊರಟರು.

ಸಂಜೆ ಹಿರಿಯರ ಮನೆಗೆ ಹೋದೆ. ಭಾನುವಾರ ಎಲ್ಲರ ಮುಂದೆ ಹೇಳಿಬಿಡುತ್ತೇನೆ ಅಂದೆ. ಅವರು ಬೇಡ ಅಂದರು. "ರೋಗ ಗಾಳೀಗೆ ಬಂತು ಅನ್ನಿ ಸಾಕು. ಆ ಹುಡುಗಿ ಪ್ರಕಟಣೇನ ಸುಮ್ನೆ ಓದ್ಬಿಡಿ. ನೀವೇ ತಪ್ಪು ಅಂದ್ರೆ ಜನ ನಾಳೆ ಯಾರ ಮಾತು ಕೇಳ್ತಾರೆ?" ಆಮೇಲೆ ತಗ್ಗಿದ ದನಿಯಲ್ಲಿ, ಗೋಡೆ ನೋಡುತ್ತ ಅಂದರು: "ನಂಗೆ ಅವತ್ತೇ ಅನುಮಾನ ಇತ್ತು ಅಯ್ಯನೋರೆ. ಎರಡನೇ ಸಲ ನೀವು ಬಂದು ಕೈಯಿಟ್ರಲ್ಲ, ಆವಾಗ್ಲೇ."

"ಮತ್ತೆ ಯಾಕ್ರೀ ಹೇಳ್ಲಿಲ್ಲ!" ಅಂತ ಕಿರುಚಿದೆ.

"ನಿಮಗೆ ಹೆಂಗೆ ಹೇಳೋದು?" ಅಂದರು. ನಿಜವಾಗಿಯೂ ಕೇಳುತ್ತಿದ್ದರು. ಮೂವತ್ತು ವರ್ಷ ಹುಳು ಸಾಕಿದ ಮನುಷ್ಯ, ತನ್ನ ಬೆಳೆ ಸಾಯುವುದನ್ನು ನೋಡುತ್ತ ನನಗೆ ಪರದೆ ಎತ್ತಿ ಹಿಡಿದಿದ್ದರು. ತಾನು ಅನುಮಾನಿಸಿದ್ದನ್ನು ಬಾಯಿಬಿಡಲಾಗದೆ ಪಾಪವನ್ನು ಆ ಹೆಂಗಸಿನ ತಲೆಗೆ ಕಟ್ಟಿದ್ದರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ, ಚಳಿ ಬಂತು. ಬೇಡ ಅನ್ನಲಾಗದಷ್ಟು ದೊಡ್ಡವನಾಗಿ ನಾನು ಅವರ ನಡುವೆ ಓಡಾಡುತ್ತಿದ್ದೆ. ಗೌರವ ಅಂತ ನಾನು ತಿಳಿದಿದ್ದರಲ್ಲಿ ಅರ್ಧಕ್ಕರ್ಧ ಭಯ.

ಭಾನುವಾರ ಆ ನಿಲುವಂಗಿ ಇಲ್ಲದೆ ಬರೀ ಷರಟಿನಲ್ಲಿ ನಿಂತೆ. ಹುಳುಗಳನ್ನು ಕೊಂದ ರೋಗ ನನ್ನ ಕೈಯಿಂದ ಹರಡಿತು. ಆ ತಾಯಿ ಮಾಡಿದ್ದೇ ಸರಿ. ಅವರ ಮೇಲೆ ಅಪವಾದ ಬರುವ ಹಾಗೆ ಮಾತಾಡಿದವನು, ಬರೆದವನು ನಾನು. ಇಷ್ಟನ್ನು ಹೇಳಲು ಮೂರು ಸಲ ನೀರು ಕುಡಿದೆ. ಆಮೇಲೆ ಮೂರನೆಯ ಪ್ರಕಟಣೆ ಓದಿದೆ. ಯಾರಿಗಾದರೂ ಅಡ್ಡಿ ಗೊತ್ತಿದ್ದರೆ ಹೇಳಿ ಅಂದೆ. ಒಬ್ಬರೂ ಕೆಮ್ಮಲಿಲ್ಲ. ಎಲ್ಲ ಸರಿಹೋಯಿತು ಅಂದುಕೊಂಡೆ ನೋಡಿ, ಮೂರ್ಖ ನಾನು.

ಹೊರಗೆ ಬಂದಾಗ ತಾಯಿ ಹತ್ತಿರ ಬಂದಳು. "ಚಿಂತಾಮಣಿಯೋರು ಮಾತು ಕಳಿಸವ್ರೆ, ಯೋಚನೆ ಮಾಡ್ಬೇಕು ಅಂತ. ನೀವು ಇಲ್ಲಿ ಹೇಳಿದ್ರಿ, ಸಂತೋಷ. ಮಾತು ಹೋಗಿರೋದು ಅಲ್ಲಿಗೆ" ಅಂದಳು.

ಸೋಮವಾರ ಮೊದಲ ಬಸ್ಸಿಗೇ ಚಿಂತಾಮಣಿಗೆ ಹೋದೆ. ಹುಡುಗನ ತಂದೆ ನಿವೃತ್ತ ಮೇಷ್ಟ್ರು, ಅಚ್ಚುಕಟ್ಟು ಮನುಷ್ಯ. ಕೂರಿಸಿ, ಟೀ ಕೊಟ್ಟು, ನಾನು ಹೇಳಿದ್ದನ್ನೆಲ್ಲ ಅಡ್ಡಬಾಯಿ ಹಾಕದೆ ಕೇಳಿಸಿಕೊಂಡರು. ಆಮೇಲೆ ಮೇಜಿನ ಡ್ರಾಯರಿನಿಂದ ನನ್ನ ಕಾಗದ ತೆಗೆದು ಮುಂದೆ ಇಟ್ಟರು. ಅಲ್ಲಿಯ ಅಯ್ಯನವರು ಅವರಿಗೇ ಕೊಟ್ಟುಬಿಟ್ಟಿದ್ದರು. ನನ್ನದೇ ಅಕ್ಷರ, ಮುದ್ದಾದ ಅಕ್ಷರ.

"ಅಯ್ಯನೋರೆ, ಕೋಪ ಮಾಡ್ಕೋಬೇಡಿ" ಅಂದರು. "ಹೋದ ವಾರದ ಅಯ್ಯನೋರು ಆಯಮ್ಮನ ಮೇಲೆ ಸಂಶಯ ಅಂತ ಬರ್ದವ್ರೆ. ಈ ವಾರದ ಅಯ್ಯನೋರು ಎಲ್ಲ ನಂದೇ ತಪ್ಪು ಅಂತವ್ರೆ. ನಾನು ಯಾರನ್ನ ನಂಬಲಿ? ಮನೆಗೆ ಸೊಸೆ ತರೋ ವಿಷಯ. ನಮ್ಮನೆ ಹೆಂಗಸ್ರು ಆ ಕಾಗದ ಓದಿದ ಮೇಲೆ ನಿದ್ದೆ ಮಾಡ್ತಿಲ್ಲ." ಬೇಡಿಕೊಂಡೆ. ಕೈ ಮುಗಿದೆ. ಕಾಗದ ಹರಿಯಿರಿ ಅಂದೆ. "ಹರಿದ್ರೆ ಓದಿದ್ದು ಹೋಗ್ತದಾ?" ಅಂದರು. ಹುಡುಗನಿಗೆ ಆಗಲೇ ಬೇರೆ ಕಡೆ ಮಾತು ಆಗಿಹೋಗಿತ್ತು.

ವಾಪಸು ಬಂದು ಬಸ್ಸು ಇಳಿದಾಗ ಇಳಿಹೊತ್ತು. ನಡೆದು ನೇರ ಅವರ ಮನೆಗೇ ಹೋದೆ. ಬೀದಿಯ ಕೊನೆಗೆ ಬಂದೆ. ಆ ಮನೆಯಲ್ಲೂ ಸದ್ದಿರಲಿಲ್ಲ. ಅಯ್ಯೋ, ಇಲ್ಲಿಗೂ ನಾನೇ ತಂದೆನೇ ಅಂತ ಕಾಲು ಅಲ್ಲೇ ನಿಂತಿತು. ಆಮೇಲೆ ಅಂಗಳದಲ್ಲಿ ಗೋಡೆಗೆ ಒರಗಿಸಿದ್ದ, ಹುಳು ಗೂಡು ಕಟ್ಟುವ ಬಿದಿರು ಚಂದ್ರಿಕೆಗಳು ಕಂಡವು. ಹುಳುಗಳು ತಿನ್ನುವುದು ಮುಗಿಸಿ ಗೂಡಿಗೆ ಹತ್ತಿದ್ದವು. ಹಳದಿ ಗೂಡುಗಳು ಸಾಲುಸಾಲಾಗಿ ಮಿನುಗುತ್ತಿದ್ದವು. ಊರಿನಲ್ಲಿ ಆ ಸಲದ ಒಂದೇ ಬೆಳೆ.

ತಾಯಿ ಮಗಳು ಇಬ್ಬರೂ ಅಂಗಳದಲ್ಲಿದ್ದರು. ನಿಂತುಕೊಂಡೇ ಹೇಳಿದೆ, ಇದ್ದದ್ದು ಇದ್ದ ಹಾಗೆ. ತಾಯಿ ಒಂದು ಚಂದ್ರಿಕೆಯನ್ನು ಅಂಗಳದಿಂದ ಜಗಲಿಗೆ ಸರಿಸಿದಳು. ಮಗಳು ಎದ್ದು ಬಂದು ನನ್ನ ಎದುರಿಗೆ ನಿಂತಳು. ಅವಳ ದನಿಯನ್ನು ನಾನು ಅದುವರೆಗೆ ಹಾಡುವಾಗ ಬಿಟ್ಟರೆ ಕೇಳಿರಲಿಲ್ಲ.

"ಅಯ್ಯನೋರೆ, ಒಂದು ಮಾತು. ಹುಳ ಯಾಕೆ ಸತ್ವು ಅಂತ ದೇವ್ರನ್ನ ಕೇಳಿದ್ರಿ, ಹಿರಿಯರನ್ನ ಕೇಳಿದ್ರಿ, ಇಲಾಖೆಯೋರನ್ನ ಕೇಳಿದ್ರಿ. ಯಾಕಮ್ಮ ನನ್ನ ಒಳಗೆ ಬಿಡ್ಲಿಲ್ಲ ಅಂತ ನಮ್ಮಮ್ಮನ್ನ ಯಾಕೆ ಒಂದು ಸಲಾನೂ ಕೇಳ್ಲಿಲ್ಲ?"

"ತಪ್ಪಾಯ್ತು ತಾಯಿ" ಅಂದೆ.

"ತಪ್ಪಾಯ್ತು ಅಂತ ಭಾನುವಾರ ಹೇಳಿದ್ರಿ. ನಾನು ಕೇಳ್ತಿರೋದು ಅದಲ್ಲ."

"ಬಿಡಮ್ಮ, ಹೋಗ್ಲಿ. ಕತ್ತಲಾಗ್ತದೆ, ಅವರು ಮನೆಗೆ ಹೋಗ್ಲಿ" ಅಂದಳು ತಾಯಿ.

ಹುಡುಗಿ ಅಲ್ಲಾಡಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಆ ತಾಯಿಗೂ ಒಂದು ಕಾರಣ ಇರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ನನ್ನನ್ನು ಬೇಡ ಅಂದವಳ ಮನೆಯಲ್ಲಿ ಪಾಪ ಬಿಟ್ಟು ಬೇರೇನೂ ಇರಲಾರದು ಅಂದುಕೊಂಡಿದ್ದೆ. ಅದನ್ನು ಆ ಮುಖ ನೋಡಿಕೊಂಡು ಹೇಳಲು ನನ್ನಿಂದ ಆಗಲಿಲ್ಲ. ಅವಳು ಸಾಕಷ್ಟು ಹೊತ್ತು ಕಾದಳು, ಆಮೇಲೆ ಒಳಗೆ ಹೋದಳು.